ನಾಲ್ಕು ಚಮಚ ಸಿಹಿ ವೈನು

ಆಸ್ಪತ್ರೆಯ ಅಡಿಗೆಮನೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎಲ್ಲರ ಬಾಯಲ್ಲೂ ಅವಳು ಜರಡಿಯಕ್ಕ. ನುಂಗಲಾಗದ ರೋಗಿಗಳಿಗೆ ಊಟ ತಯಾರಿಸುವುದು ಅವಳ ಕೆಲಸ. ಬೇಯಿಸಿದ ಕ್ಯಾರೆಟ್ಟನ್ನು ಅರೆಯಬೇಕು, ಜರಡಿ ಹಿಡಿಯಬೇಕು, ಸಾಲದು ಎಂದು ಇನ್ನೊಮ್ಮೆ ಹಿಡಿಯಬೇಕು, ಗಟ್ಟಿ ಮಾಡುವ ಪುಡಿ ಬೆರೆಸಿ ಕ್ಯಾರೆಟ್ಟಿನದೇ ಆಕಾರದ ಅಚ್ಚಿಗೆ ಸುರಿಯಬೇಕು. ಕೊನೆಗೆ ತಟ್ಟೆಯ ಮೇಲೆ ಮತ್ತೆ ಒಂದು ಕ್ಯಾರೆಟ್ಟು.

"ಕ್ಯಾರೆಟ್ಟನ್ನ ಹಾಳು ಮಾಡಿ ಮತ್ತೆ ಕ್ಯಾರೆಟ್ ಮಾಡೋದಕ್ಕೆ ನಿಂಗೆ ಸಂಬಳ ಕೊಡ್ತಾರಲ್ಲ!" ಎಂದು ಅವಳ ಅಣ್ಣ ಛೇಡಿಸುತ್ತಿದ್ದ.

"ನಿಂಗೆ ಉಗುಳೋದಕ್ಕೆ ಕೊಡಲ್ವಾ, ಹಾಗೇ" ಎಂದು ಅವಳು ತಿರುಗೇಟು ಕೊಡುತ್ತಿದ್ದಳು.

ಅದೂ ಸುಳ್ಳಲ್ಲ. ಅಣ್ಣ ದೊಡ್ಡ ಹೋಟೆಲಿನಲ್ಲಿ ವೈನ್ ಬಡಿಸುವವನು. ಯಾವ ಊಟಕ್ಕೆ ಯಾವ ವೈನು ಹೊಂದುತ್ತದೆ ಎಂದು ಅತಿಥಿಗಳಿಗೆ ಹೇಳಬೇಕಾದರೆ ಮೊದಲು ತಾನು ರುಚಿ ನೋಡಬೇಕು. ದಿನಕ್ಕೆ ಹದಿನೈದು ಬಾಟಲಿಯ ರುಚಿ ನೋಡುವವನು ನುಂಗುತ್ತ ಹೋದರೆ ಸಂಜೆಗೆ ಅವನನ್ನೇ ಯಾರಾದರೂ ಎತ್ತಿಕೊಂಡು ಹೋಗಬೇಕಾದೀತು. ಹಾಗಾಗಿ ಅವರೆಲ್ಲ ಬಾಯಿಗೆ ಹಾಕಿಕೊಂಡು, ಮುಕ್ಕಳಿಸಿ, ಪಕ್ಕದ ಪಾತ್ರೆಗೆ ಉಗುಳುತ್ತಾರೆ. ಹೋಟೆಲಿನಲ್ಲಿ ಅವನ ಅಡ್ಡಹೆಸರು ಮೂಗಣ್ಣ. ಮುಚ್ಚಳ ತೆಗೆದ ಬಾಟಲಿಯನ್ನು ಮೂರಡಿ ದೂರದಿಂದ ಮೂಸಿ ಅದರ ಜಾತಕ ಹೇಳುತ್ತಾನೆ ಎಂದು ಅಲ್ಲಿಯವರು ಹೇಳುತ್ತಿದ್ದರು.

ತಂಗಿ ಮಾತ್ರ ಅವನು ಉಗುಳುತ್ತಾನೆ ಎನ್ನುವುದನ್ನು ಎಂದೂ ಪೂರ್ತಿ ನಂಬಲಿಲ್ಲ. ಅದಕ್ಕೆ ಕಾರಣ ಅವರ ಅಪ್ಪ. ಅಪ್ಪ ಕುಡಿಯುತ್ತಿದ್ದ. ಬೆಳಗ್ಗೆ ಮುಖ ಒರೆಸಿಕೊಂಡ ಟವೆಲಿನಲ್ಲೂ ಆ ವಾಸನೆ ಇರುತ್ತಿತ್ತು, ಅದೇ ಟವೆಲಿನಲ್ಲಿ ಮಕ್ಕಳೂ ಮುಖ ಒರೆಸಿಕೊಳ್ಳಬೇಕಾಗಿತ್ತು. ಅವಳಿಗೆ ಒಂಬತ್ತು ವರ್ಷವಿದ್ದಾಗ ಅಪ್ಪ ಮೆಟ್ಟಿಲಿನಿಂದ ಉರುಳಿ ಬಿದ್ದ. ಕಾಲು ಹಿಡಿದುಕೊಂಡವಳು ಅವಳು, ತಲೆ ಹಿಡಿದುಕೊಂಡವನು ಹದಿನೈದರ ಅಣ್ಣ. ಹಾಸಿಗೆಗೆ ಮುಟ್ಟಿಸುವಷ್ಟರಲ್ಲಿ ಅಪ್ಪ ಇರಲಿಲ್ಲ. ಅಂಥ ಮನೆಯ ಮಗ ದೊಡ್ಡವನಾಗಿ ಬಾಟಲಿ ಹಿಡಿಯುವ ಕೆಲಸಕ್ಕೇ ಹೋದದ್ದು ಅವಳಿಗೆ ಜೀರ್ಣವಾಗಲೇ ಇಲ್ಲ. "ಬೇರೆ ಕೆಲಸವೇ ಸಿಗಲಿಲ್ವಾ ನಿಂಗೆ?" ಎಂದು ಮುಖಕ್ಕೆ ಹೊಡೆದ ಹಾಗೆ ಕೇಳಿದ್ದಳು. "ಅಪ್ಪ ಅದರಲ್ಲಿ ಏನು ಕಂಡ ಅಂತ ನೋಡ್ಬೇಕಿತ್ತು ಕಣೇ. ಅವನಿಗೆ ರುಚಿ ನೋಡೋಕೇ ಬರ್ತಿರಲಿಲ್ಲ" ಎಂದಿದ್ದ ಅಣ್ಣ. ಆ ಮಾತೂ ಅವಳಿಗೆ ಹಿಡಿಸಲಿಲ್ಲ.

ಆದರೂ ಭಾನುವಾರ ಮಧ್ಯಾಹ್ನ ಅಣ್ಣ ಅವಳ ಮನೆಗೇ ಊಟಕ್ಕೆ ಬರಬೇಕು. ಅವನು ಮದುವೆಯಾಗಲಿಲ್ಲ, ಅವಳ ಗಂಡ ಬೇಗ ತೀರಿಕೊಂಡ, ಮಕ್ಕಳಿಲ್ಲ. ಅಣ್ಣನಿಗೆ ತಂಗಿ, ತಂಗಿಗೆ ಅಣ್ಣ, ಅಷ್ಟೇ ಸಂಸಾರ. ಅವನು ಸ್ನಾನ ಮಾಡಿ, ಒಗೆದ ಅಂಗಿ ಹಾಕಿಕೊಂಡು, ಬಾಯಲ್ಲಿ ಲವಂಗ ಇಟ್ಟುಕೊಂಡು ಬರುತ್ತಿದ್ದ. ಅವಳು ಬಾಗಿಲಲ್ಲೇ ನಿಲ್ಲಿಸಿ ಮೂಸುತ್ತಿದ್ದಳು. ಊರಿಗೆಲ್ಲ ಮೂಗಣ್ಣನಾದವನು ತಂಗಿಯ ಮೂಗಿನ ಮುಂದೆ ಬಾಯಿ ತೆರೆದು ನಿಲ್ಲುತ್ತಿದ್ದ, ಮೂವತ್ತೊಂದು ವರ್ಷ, ಒಮ್ಮೆಯೂ ಸಿಟ್ಟಾಗದೆ.

ಬಲವಂತ ಮಾಡಿ ಬಡಿಸುವುದರಲ್ಲಿ ಜರಡಿಯಕ್ಕ ಎತ್ತಿದ ಕೈ. ಆಸ್ಪತ್ರೆಯಲ್ಲಿ ಅವಳ ಹೆಮ್ಮೆಯೇ ಅದು. ಅವಳು ಕಳಿಸಿದ ತಟ್ಟೆ ತುಂಬಿದ್ದಂತೆ ವಾಪಸು ಬಂದರೆ ತಾನೇ ವಾರ್ಡಿಗೆ ಹೋಗಿ ಹಾಸಿಗೆಯ ಪಕ್ಕ ಕೂರುತ್ತಿದ್ದಳು. "ಇನ್ನೊಂದೇ ಒಂದು ಚಮಚ" ಎನ್ನುತ್ತಿದ್ದಳು. ಆ ಒಂದು ಮುಗಿದರೆ ಇನ್ನೊಂದು. ಹಾಗೆ ಎಷ್ಟೋ ಜನ ಎದ್ದು ನಡೆದು ಮನೆಗೆ ಹೋಗಿದ್ದಾರೆ. ಅಣ್ಣನ ಮೇಲೂ ಅದೇ ಪ್ರಯೋಗ. ಒಂದು ಭಾನುವಾರ ಅವನು ಸೂಪಿನ ಬಟ್ಟಲಿನ ಬಾಯಿಗೆ ಅಂಗೈ ಮುಚ್ಚಿದ. ಅವಳು ನಿಲ್ಲಿಸದೆ ಬೆರಳುಗಳ ಮೇಲೇ ಸುರಿದಳು.

"ಅಯ್ಯೋ, ಸುಟ್ಟೆಯಲ್ಲೇ!" ಎಂದು ಅವನು ಗೆಣ್ಣುಗಳನ್ನು ಊದಿಕೊಂಡ. "ನಮ್ಮಲ್ಲಿ ಅತಿಥಿ ಲೋಟದ ಮೇಲೆ ಅಂಗೈ ಇಟ್ಟರೆ ಸಾಕು ಅಂತ. ಬಾಯಿ ಬಿಟ್ಟು ಹೇಳಬೇಕಾಗಿಲ್ಲ. ಆಮೇಲೂ ಸುರಿಯೋನು ಬಡಿಸೋನೇ ಅಲ್ಲ."

"ನಿಮ್ಮಲ್ಲಿ ಹೊಟ್ಟೆ ತುಂಬಿದೋರು ಬರ್ತಾರೆ. ನಮ್ಮಲ್ಲಿ ಹೊಟ್ಟೆಗೆ ಇಳಿಯದೋರು ಬರ್ತಾರೆ" ಎಂದು ಅವಳು ಅವನ ಬಾಯಿ ಮುಚ್ಚಿಸಿದಳು.

ಅಣ್ಣ ನಿವೃತ್ತನಾಗುವ ವಾರ ಅವಳನ್ನು ಹೋಟೆಲಿಗೆ ಕರೆದ. ಅಷ್ಟು ವರ್ಷಗಳಲ್ಲಿ ಕರೆದದ್ದು ಅದೊಂದೇ ಸಲ. ಮಧ್ಯಾಹ್ನದ ಊಟ, ಕಿಟಕಿ ಪಕ್ಕದ ಮೇಜು, ಅಂದು ಅವನೂ ಅತಿಥಿ. "ಕೊನೆಗೆ ಒಂದು ಸಿಹಿ ವೈನ್ ಇಟ್ಟಿದೀನಿ, ಆಸ್ಟ್ರೇಲಿಯಾದ್ದು. ಒಂದು ಗುಟುಕು ಸಾಕು. ನಾನು ಜೀವನಪೂರ್ತಿ ಏನು ಮಾಡ್ದೆ ಅಂತ ನಿಂಗೆ ಗೊತ್ತಾಗುತ್ತೆ" ಎಂದ. ಅವಳು, "ಆ ವಾಸನೇಲಿ ಕೂತು ಉಣ್ಣೋಳಲ್ಲ ನಾನು" ಎಂದುಬಿಟ್ಟಳು. ಅಣ್ಣ ಆಯಿತು ಎಂದು ಎದ್ದು ಹೋದ. ಮುಂದಿನ ಭಾನುವಾರ ಎಂದಿನಂತೆ ಲವಂಗ ಅಗಿಯುತ್ತ ಬಂದ, ಬಾಗಿಲಲ್ಲಿ ಬಾಯಿ ತೆರೆದ.

ಅದಾಗಿ ನಾಲ್ಕು ವರ್ಷಕ್ಕೆ ಅವನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಮುಖದ ಅರ್ಧ ಹೋದವು. ಗಂಟಲೂ ಹೋಯಿತು. ಮಾತಿನಲ್ಲಿ ಉಳಿದದ್ದು ಒಂದೇ ಒಂದು: "ಅದು." ನೀರಿಗೂ ಅದು, ನೋವಿಗೂ ಅದು, ತಂಗಿಗೂ ಅದು. ಅವನನ್ನು ತಂದು ಮಲಗಿಸಿದ್ದು ಅವಳ ಆಸ್ಪತ್ರೆಯಲ್ಲೇ. ಕ್ಯಾರೆಟ್ಟಿನ ತಮಾಷೆ ಮಾಡುತ್ತಿದ್ದವನು ಕೊನೆಗೆ ಅವಳ ಜರಡಿಗೇ ಬಂದು ಬಿದ್ದ.

ತೆಳ್ಳಗಿರುವುದು ಏನೂ ಅವನಿಗೆ ಆಗದು. ಬರಿ ನೀರು ಕೊಟ್ಟರೆ ಶ್ವಾಸನಾಳಕ್ಕೆ ಇಳಿದುಬಿಡುತ್ತದೆ. ನೀರಿಗೂ ಪುಡಿ ಹಾಕಿ, ಚಮಚ ಓರೆ ಮಾಡಿದರೆ ನಿಧಾನವಾಗಿ ಜಾರುವಷ್ಟು ಗಟ್ಟಿ ಮಾಡಿ ಕೊಡಬೇಕು. ಜರಡಿಯಕ್ಕ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿಕೊಂಡಳು. ಎರಡು ತಿಂಗಳು ಅವನು ತಿಂದ. ಮೂರನೆಯ ತಿಂಗಳು ಮುಖ ತಿರುಗಿಸಲು ಶುರು ಮಾಡಿದ. ಮೀನಿನ ಅಚ್ಚಿನಲ್ಲಿ ಮೀನು ಮಾಡಿ ತಂದಳು, ಬಟಾಣಿಯ ಅಚ್ಚಿನಲ್ಲಿ ಬಟಾಣಿ ಮಾಡಿ ತಂದಳು. ಅವನು ತುಟಿ ಬಿಗಿದುಕೊಂಡು ಗೋಡೆ ನೋಡುತ್ತಿದ್ದ. ಅಂಗಿಯ ಕಾಲರಿನಲ್ಲಿ ಎರಡು ಕೊರಳು ಹಿಡಿಸುವಷ್ಟು ಇಳಿದುಹೋದ.

ವಾರ್ಡಿನ ಡಾಕ್ಟರಮ್ಮ ಅವಳನ್ನು ಪಕ್ಕಕ್ಕೆ ಕರೆದು ಹೇಳಿದರು. "ಒಂದು ವಾರ ನೋಡೋಣ. ಬಾಯಿಂದ ಸಾಕಷ್ಟು ಹೋಗದಿದ್ರೆ ಹೊಟ್ಟೆಗೇ ನಳಿಕೆ ಹಾಕಬೇಕಾಗುತ್ತೆ. ಅವರು ಸಹಿ ಮಾಡೋ ಸ್ಥಿತೀಲಿಲ್ಲ, ನೀವೇ ಮಾಡ್ಬೇಕು."

ನಳಿಕೆಯವರನ್ನು ಅವಳು ಕಂಡಿದ್ದಳು. ಅವರ ಹೆಸರು ಅವಳ ಪಟ್ಟಿಯಿಂದ ಹೋಗಿಬಿಡುತ್ತಿತ್ತು. ಅವರಿಗೆ ಅಚ್ಚೂ ಬೇಡ, ಜರಡಿಯೂ ಬೇಡ, ರುಚಿಯಂತೂ ಬೇಡವೇ ಬೇಡ. ನಾಲಿಗೆಯಿಂದಲೇ ಬದುಕಿದ ಅಣ್ಣನಿಗೆ ಅಂಥ ಗತಿ ಬರಬಾರದು ಎಂದು ಅವಳು ಹಟಕ್ಕೆ ಬಿದ್ದಳು. ಒಂದು ವಾರದಲ್ಲಿ ಅವನನ್ನು ತಿನ್ನಿಸಲೇಬೇಕು.

ಒಗೆದ ಬಟ್ಟೆ ತರಲೆಂದು ಅವನ ಕೋಣೆಗೆ ಹೋದಾಗ ಮೇಜಿನ ಖಾನೆಯಲ್ಲಿ ಒಂದು ಕಾರ್ಡು ಸಿಕ್ಕಿತು. ಹೋಟೆಲಿನಲ್ಲಿ ಊಟದ ಪಟ್ಟಿ ಬರೆಯುವ ದಪ್ಪ ಕಾರ್ಡು, ಅಣ್ಣನ ದುಂಡು ಅಕ್ಷರ. "ನನ್ನ ತಂಗಿಗೆ. ಹನ್ನೆರಡೂವರೆ, ಕಿಟಕಿಯ ಮೇಜು, ಇಬ್ಬರು." ಕೆಳಗೆ ಸೂಪು, ಮೀನು. ಕೊನೆಯ ಸಾಲಿನಲ್ಲಿ, "ಆಸ್ಟ್ರೇಲಿಯಾದ ಸಿಹಿ ಬಿಳಿ ವೈನು. ಜೊತೆಗೆ ಏನು ಅಂತ ಅಡಿಗೆಯವನಿಗೆ ಹೇಳಿದೆ." ಪುಟ್ಟ ಫ್ರಿಜ್ಜಿನ ತಳದಲ್ಲಿ ಅದೇ ವೈನಿನ ಒಂದು ಚಿಕ್ಕ ಬಾಟಲಿ ಅಡ್ಡಡ್ಡ ಮಲಗಿತ್ತು, ಇನ್ನೂ ತೆರೆಯದೆ. ಅವಳು ಕಾರ್ಡು ಹಿಡಿದುಕೊಂಡು ಅವನ ಮಂಚದ ಮೇಲೆ ಕುಸಿದು ಕೂತಳು. ಇಷ್ಟು ಪ್ರೀತಿಯಿಂದ ಕರೆದವನಿಗೆ ವಾಸನೆ ಎಂದೆನಲ್ಲ ಎಂದು ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

ಆ ವೈನನ್ನು ಅಣ್ಣನಿಗೆ ಕೊಡಲೇ ಎಂದು ಕೇಳಿದಾಗ ಡಾಕ್ಟರಮ್ಮ ತಲೆ ಕೆರೆದುಕೊಂಡರೂ ಒಪ್ಪಿದರು. "ಗಟ್ಟಿ ಮಾಡಿ ಕೊಡಿ. ನಾಲ್ಕೇ ಚಮಚ."

ತಾನು ರುಚಿ ನೋಡದ ಚಮಚವನ್ನು ಜರಡಿಯಕ್ಕ ಯಾವ ರೋಗಿಗೂ ಕೊಟ್ಟವಳಲ್ಲ. ಆ ನಿಯಮ ಇಲ್ಲಿ ಅವಳ ಕೊರಳಿಗೇ ಬಂತು. ಅಡಿಗೆಮನೆಯ ತೊಟ್ಟಿಯ ಮುಂದೆ ನಿಂತು, ಜೀವ ಕೈಯಲ್ಲಿ ಹಿಡಿದುಕೊಂಡು, ಅರ್ಧ ಚಮಚ ಬಾಯಿಗೆ ಹಾಕಿಕೊಂಡಳು. ಅಪ್ಪನ ಟವೆಲಿಗಾಗಿ ಕಾದಳು. ಅದು ಬರಲಿಲ್ಲ. ಜೇನು ಬಂತು, ಹಿಂದೆಯೇ ಕಿತ್ತಳೆಯ ಸಿಪ್ಪೆ ಬಂತು, ಆಮೇಲೆ ಒಣಹಣ್ಣಿನ ಡಬ್ಬಿ ತೆರೆದ ಹಾಗೆ ಏನೋ. ಅವಳು ಗಾಬರಿಯಾಗಿ ಉಗುಳಿದಳು. ಉಗುಳಿದ ಮೇಲೂ ಆ ರುಚಿ ಬಾಯಲ್ಲೇ ನಿಂತಿತ್ತು. ಹಾಗಾದರೆ ಅಣ್ಣ ನಿಜವನ್ನೇ ಹೇಳಿದ್ದ, ಉಗುಳಿದರೂ ಕೆಲಸ ನಡೆಯುತ್ತದೆ.

ಜೊತೆಗೆ ಏನು ಕೊಡುವುದು? ಹೋಟೆಲಿಗೆ ಹೋಗಿ ಕೇಳಲು ಇನ್ನೂ ಬಿಗುಮಾನ. ಸಿಹಿ ವೈನಿಗೆ ಸಿಹಿಯೇ ಇರಬೇಕು, ಇದರಲ್ಲಿ ಕೇಳುವುದೇನಿದೆ ಎಂದುಕೊಂಡು, ಹಾಲಿಗೆ ಕೈತುಂಬ ಸಕ್ಕರೆ ಸುರಿದು ಮೆತ್ತನೆಯ ಪುಡ್ಡಿಂಗ್ ಮಾಡಿದಳು. ಬಾಟಲಿ ಕಂಡು ಅಣ್ಣನ ಎಡಗಣ್ಣು ಅರಳಿತು. ತಾನಾಗಿ ಬಾಯಿ ತೆರೆದ. ಒಂದು ಚಮಚ ಪುಡ್ಡಿಂಗ್, ಅದರ ಹಿಂದೆ ಒಂದು ಚಮಚ ವೈನು. ಮುಖ ಸಿಂಡರಿಸಿತು. ಎಡಗೈಯಿಂದ ಬಟ್ಟಲು ಎಳೆದುಕೊಂಡು, ಒಂದು ಹನಿಯೂ ಹಾಸಿಗೆಗೆ ಬೀಳದಂತೆ, ನಲವತ್ತು ವರ್ಷದ ಅಭ್ಯಾಸದಿಂದ ಅಚ್ಚುಕಟ್ಟಾಗಿ ಉಗುಳಿದ.

"ಅದು!" ಎಂದು ಗದರಿದ. ಪುಡ್ಡಿಂಗಿನ ಕಡೆ ಬೆರಳು ತೋರಿಸಿ ಮತ್ತೆ, "ಅದು!"

ಅವಳಿಗೆ ನಗುವೂ ಬಂತು, ಅಳುವೂ ಬಂತು. ಅದೇ ಪುಡ್ಡಿಂಗ್ ತಿಂದು ಮೇಲೆ ವೈನಿನ ರುಚಿ ನೋಡಿದಳು. ಜೇನು ಮಾಯ, ಕಿತ್ತಳೆ ಮಾಯ, ಉಳಿದದ್ದು ಹುಳಿ ನೀರು. ಆಸ್ಪತ್ರೆಯಲ್ಲಿ ಯಾರ ತಟ್ಟೆಯೂ ಹೀಗೆ ಅವಳ ಮರ್ಯಾದೆ ಕಳೆದಿರಲಿಲ್ಲ.

ಮರುದಿನ ಹೋಟೆಲಿನ ಹಿಂಬಾಗಿಲಿಗೆ ಹೋಗಿ ನಿಂತಳು. ದೊಡ್ಡ ಅಡಿಗೆಯವನು ಕೈ ಒರೆಸಿಕೊಳ್ಳುತ್ತ ಬಂದ. ಅಣ್ಣನಿಗಿಂತ ಚಿಕ್ಕವನು, ಹೊಟ್ಟೆ ಮುಂದೆ, ಮಾತು ಅದಕ್ಕಿಂತ ಮುಂದೆ.

"ಮೂಗಣ್ಣನ ತಂಗೀನಾ ನೀವು? ಒಳಗೆ ಬನ್ನಿ ಅಕ್ಕಾ" ಎಂದವನಿಗೆ ಅವಳು ಪುಡ್ಡಿಂಗಿನ ಕಥೆ ಹೇಳಿದಳು. "ಸಿಹಿ ವೈನಿಗೆ ಸಿಹಿ ಕೊಟ್ರಾ? ಅಯ್ಯೋ, ಎಲ್ಲಾರೂ ಮಾಡೋ ತಪ್ಪೇ ಅದು. ಊಟ ವೈನಿಗಿಂತ ಸಿಹಿ ಆದ್ರೆ ವೈನ್ ಸತ್ತುಹೋಗುತ್ತೆ. ಇದಕ್ಕೆ ಉಪ್ಪು ಬೇಕು, ಕೊಬ್ಬು ಬೇಕು." ಅವನು ಒಂದು ಚೀಸಿನ ತುಂಡು ತಂದು ಮುಂದಿಟ್ಟ. ಅದರ ಮೈತುಂಬ ನೀಲಿ ಗೆರೆ.

"ಬೂಷ್ಟು ಹಿಡಿದಿದೆ" ಎಂದಳು ಅವಳು. "ಇಂಥಾದ್ದು ಕಂಡ್ರೆ ಎಸೆಯೋದೇ ನನ್ನ ಕೆಲಸ."

"ಆ ವೈನೂ ಬೂಷ್ಟು ಹಿಡಿದ ದ್ರಾಕ್ಷಿದೇ ಅಕ್ಕಾ. ಬೂಷ್ಟು ದ್ರಾಕ್ಷಿಯ ನೀರನ್ನ ಹೀರಿ ಸಿಹೀನ ಉಳಿಸುತ್ತಂತೆ. ಮೂಗಣ್ಣ ಯಾವಾಗ್ಲೂ ಹೇಳ್ತಿದ್ದ, ಕೆಟ್ಟುಹೋಯ್ತು ಅಂತ ಬಿಟ್ಟುಬಿಟ್ಟಿದ್ರೆ ಇಷ್ಟು ಒಳ್ಳೇದು ಸಿಗ್ತಾನೇ ಇರಲಿಲ್ಲ ಅಂತ." ಒಂದು ಪೇರ್ ಹಣ್ಣನ್ನೂ ಚೀಸಿನ ಪಕ್ಕ ಇಟ್ಟ. "ಅವತ್ತು ನಿಮಗೆ ಇದೇ ಇತ್ತು. ಈ ಚೀಸು, ಈ ಹಣ್ಣು."

"ಅವತ್ತು ನಾನು ಬರಲ್ಲ ಅಂದಿದ್ದೆ" ಎಂದಳು.

"ಬರಲ್ಲ ಅಂದಿದ್ರಾ?" ಅಡಿಗೆಯವನು ಅವಳ ಮುಖ ನೋಡಿದ. "ನಮಗೆ ಹಾಗೆ ಹೇಳಲಿಲ್ಲ. ಬರ್ತಾಳೆ, ಸ್ವಲ್ಪ ತಡ ಆಗುತ್ತೆ ಅಂದ. ಎರಡೂ ಲೋಟಕ್ಕೆ ತಾನೇ ಸುರಿದು ಕೂತ. ಮೂರು ಗಂಟೆವರೆಗೂ ಕೂತಿದ್ದ. ನಾವು ಮೇಜಿನ ಬಟ್ಟೆ ಎತ್ತಿದ್ಮೇಲೂ ಬಾಗಿಲು ನೋಡ್ತಿದ್ದ."

ಅವಳು ಅಲ್ಲಿ ಅಳಲಿಲ್ಲ. ಚೀಸು, ಹಣ್ಣು, ಒಂದು ಉದ್ದ ಕಾಲಿನ ಗಾಜಿನ ಲೋಟ ತೆಗೆದುಕೊಂಡು ಬಸ್ಸು ಹತ್ತಿದಳು. ಕಿಟಕಿಗೆ ಮುಖ ಮಾಡಿ ಕೂತಾಗ ಕಣ್ಣೀರು ಧಾರಾಕಾರವಾಗಿ ಸುರಿಯಿತು. ಯಾರು ನೋಡಿದರೇನು, ಅವಳು ಒರೆಸಿಕೊಳ್ಳಲಿಲ್ಲ.

ಚೀಸಿಗೆ ಕೆನೆ ಹಾಕಿ ಅರೆದಳು, ಎರಡು ಸಲದ ಬದಲು ಮೂರು ಸಲ ಜರಡಿ ಹಿಡಿದಳು. ಹಣ್ಣನ್ನು ಬೇಯಿಸಿ ಅರೆದು ಹಣ್ಣಿನದೇ ಅಚ್ಚಿನಲ್ಲಿ ಕೂರಿಸಿ, ತೊಟ್ಟಿನ ಜಾಗಕ್ಕೆ ಒಂದು ಲವಂಗ ಚುಚ್ಚಿದಳು. ತಿನ್ನಿಸುವ ಮುಂಚೆ ತೆಗೆದರಾಯಿತು, ನೋಡುವುದಕ್ಕಾದರೂ ಇರಲಿ. ವೈನನ್ನು ಗಟ್ಟಿ ಮಾಡಿ ಆ ಗಾಜಿನ ಲೋಟಕ್ಕೇ ಹಾಕಿದಳು. ಆಸ್ಪತ್ರೆಯ ಮಂಚಕ್ಕೆ ಅಡ್ಡ ಇಡುವ ಹಲಗೆಯ ಮೇಲೆ ಒಗೆದ ಬಿಳಿ ಬಟ್ಟೆ ಹಾಸಿದಳು. ಗಡಿಯಾರ ಹನ್ನೆರಡೂವರೆ ತೋರಿಸುತ್ತಿತ್ತು. ಎದುರಿಗೆ ಕುರ್ಚಿ ಎಳೆದುಕೊಂಡು ಕೂತಳು.

"ಅಣ್ಣಾ, ಬಂದೆ ಕಣೋ" ಎಂದಳು.

ಅವನು ಹಲಗೆ ನೋಡಿದ, ಲೋಟ ನೋಡಿದ, ಲವಂಗ ನೋಡಿದ, ತುಂಬ ಹೊತ್ತು ತಂಗಿಯನ್ನು ನೋಡಿದ. ಆಮೇಲೆ ಬಾಯಿ ತೆರೆದ, ಭಾನುವಾರ ಬಾಗಿಲಲ್ಲಿ ತೆರೆಯುತ್ತಿದ್ದ ಹಾಗೆ. ಚೀಸು, ಹಣ್ಣು, ವೈನು. ಕಣ್ಣು ಮುಚ್ಚಿಕೊಂಡ. ಗಂಟಲಿನ ಗಂಟು ಮೇಲೆ ಹೋಗಿ ಕೆಳಗೆ ಬಂತು, ಕೆಮ್ಮು ಬರಲಿಲ್ಲ. ಮುಖದ ಎಡ ಅರ್ಧ ನಕ್ಕಿತು. "ಅದು" ಎಂದ, ಯಾರಿಗೋ ಪರಿಚಯ ಮಾಡಿಸುವವನ ಹಾಗೆ ಮೆಲ್ಲಗೆ. ನಾಲ್ಕು ಚಮಚವೂ ಹೋಯಿತು, ಹಣ್ಣೂ ಮುಗಿಯಿತು. ಜರಡಿಯಕ್ಕ ಅಡಿಗೆಮನೆಗೆ ಓಡಿಹೋಗಿ ಎಲ್ಲರ ಮುಂದೆ ಖಾಲಿ ತಟ್ಟೆ ತೋರಿಸಿದಳು. ಗೆದ್ದೆ ಎಂದುಕೊಂಡಳು.

ಮರುದಿನ ಅದೇ ಬಟ್ಟೆ, ಅದೇ ಲೋಟ, ಅದೇ ಹೊತ್ತು. ಜೊತೆಗೆ ಮೀನು, ಸೂಪು, ಎಲ್ಲ ತಂದಿದ್ದಳು. ಅವನು ಎಡಗೈ ಎತ್ತಿ ಲೋಟದ ಬಾಯಿಗೆ ಅಂಗೈ ಇಟ್ಟ. ಸರಿ, ವೈನು ಬೇಡವೇನೋ ಎಂದು ಅವಳು ಸೂಪು ಎತ್ತಿಕೊಂಡಳು. ಅಂಗೈ ಸೂಪಿನ ಬಟ್ಟಲಿಗೆ ಬಂತು. ಮೀನಿನ ಮೇಲೆ ಬಂತು. ಸಂಜೆಯೂ ಹಾಗೇ, ಮರುದಿನವೂ ಹಾಗೇ. ಸಿಟ್ಟಿಲ್ಲ, ಗೋಡೆಗೆ ಮುಖ ತಿರುಗಿಸುವುದೂ ಇಲ್ಲ. ಅವಳನ್ನೇ ನೋಡುತ್ತ, ಮೆತ್ತಗೆ ಅಂಗೈ ಇಡುತ್ತಿದ್ದ.

ವಾರ ಮುಗಿದ ದಿನ ಡಾಕ್ಟರಮ್ಮ ಕಾಗದ ಹಿಡಿದು ಬರುವ ಹೊತ್ತಿಗೆ ಅವಳು ಅವನ ಬೆರಳುಗಳ ಸಂದಿಯಿಂದ ಚಮಚ ತೂರಿಸಲು ನೋಡುತ್ತಿದ್ದಳು. "ಇನ್ನೊಂದೇ ಒಂದು ಅಣ್ಣಾ, ನನಗೋಸ್ಕರ, ಒಂದೇ ಒಂದು." ಚಮಚ ಓರೆಯಾಗಿ ಸೂಪು ಅವನ ಗೆಣ್ಣುಗಳ ಮೇಲೆ ಚೆಲ್ಲಿತು. ಅವನು ಕೈ ತೆಗೆಯಲಿಲ್ಲ. ಆ ಭಾನುವಾರ ಸುಟ್ಟಿತೆಂದು ಅವನು ಬಾಯಿಂದ ಊದಿಕೊಂಡಿದ್ದ ಗೆಣ್ಣುಗಳೇ ಅವು, ಈಗ ಬರಿ ಮೂಳೆ. ಅವಳ ಕೈ ಗಾಳಿಯಲ್ಲೇ ನಿಂತಿತು.

ಅವನು ಹೇಳುತ್ತಲೇ ಇದ್ದ. ಮೂರು ದಿನದಿಂದ ಸ್ಪಷ್ಟವಾಗಿ ಹೇಳುತ್ತಲೇ ಇದ್ದ. ಕೇಳಿಸಿಕೊಳ್ಳದವಳು ಅವಳು.

ಒದ್ದೆ ಬಟ್ಟೆಯಿಂದ ಅವನ ಬೆರಳುಗಳನ್ನು ಒಂದೊಂದಾಗಿ ಒರೆಸಿದಳು. "ನಳಿಕೆ ಬೇಡ ಡಾಕ್ಟ್ರೇ" ಎಂದಳು. "ಅಣ್ಣ ಸಾಕು ಅಂತಿದಾನೆ."

ಡಾಕ್ಟರಮ್ಮ ಬಗ್ಗಿ ಅವನನ್ನೇ ಕೇಳಿದರು, ಎರಡು ಸಲ, ನಿಧಾನವಾಗಿ, ಹಾಕದಿದ್ದರೆ ಏನಾಗುತ್ತದೆ ಎನ್ನುವುದನ್ನೂ ಬಿಡಿಸಿ ಹೇಳಿ. ಅವನು ಎರಡು ಸಲವೂ ಕಾಗದದ ಮೇಲೆ ಅಂಗೈ ಇಟ್ಟ.

ಮುಂದಿನ ದಿನಗಳಲ್ಲಿ ಅವಳು ಅಚ್ಚುಗಳನ್ನು ತರಲಿಲ್ಲ. ಹತ್ತಿ ಉಂಡೆಯನ್ನು ವೈನಿನಲ್ಲಿ ಅದ್ದಿ, ಹಿಂಡಿ, ತುಟಿಗೆ ಸವರುತ್ತಿದ್ದಳು. ಅಷ್ಟನ್ನು ಅವನು ಬೇಡವೆನ್ನಲಿಲ್ಲ. ಹನ್ನೊಂದನೆಯ ದಿನ ಮಧ್ಯಾಹ್ನ ಅವಳು ತುಟಿ ಸವರುತ್ತಿರುವಾಗಲೇ ಹೋದ. ಇಡೀ ಜೀವನ ಇನ್ನೊಂದೇ ಒಂದು ಎಂದವಳು, ಅವನ ಕೈ ತಣ್ಣಗಾಗುವವರೆಗೆ ಹಿಡಿದುಕೊಂಡು ಸುಮ್ಮನೆ ಕೂತಿದ್ದಳು.

ಒಂದು ತಿಂಗಳು ಕಳೆದ ಮೇಲೆ ಆ ದಪ್ಪ ಕಾರ್ಡು ಹಿಡಿದುಕೊಂಡು ಹೋಟೆಲಿಗೆ ಹೋದಳು. ಈ ಸಲ ಮುಂಬಾಗಿಲಿನಿಂದ. ಹನ್ನೆರಡೂವರೆಗೆ ಕಿಟಕಿಯ ಮೇಜು ಖಾಲಿಯಿತ್ತು. ಕಾರ್ಡು ಒಳಗೆ ಹೋಯಿತು, ಸೂಪು ಬಂತು, ಮೀನು ಬಂತು, ನೀಲಿ ಗೆರೆಯ ಚೀಸೂ ಪೇರ್ ಹಣ್ಣೂ ಬಂದವು. ಹಣ್ಣು ಹಣ್ಣಿನ ಹಾಗೆಯೇ ಇತ್ತು, ಅಗಿಯಬೇಕಾದಷ್ಟು ಗಟ್ಟಿಯಾಗಿ. ವೈನು ನೀರಿನಷ್ಟು ಸಲೀಸಾಗಿ ಲೋಟದಲ್ಲಿ ಓಡಾಡಿತು. ಅವಳು ಒಂದು ಗುಟುಕು ಬಾಯಿಗೆ ಹಾಕಿಕೊಂಡಳು. ಈ ಸಲ ಉಗುಳಲಿಲ್ಲ.

ಬಡಿಸುತ್ತಿದ್ದವನು ಎದುರಿನ ಖಾಲಿ ಕುರ್ಚಿಯನ್ನೂ ಮುಟ್ಟದ ಲೋಟವನ್ನೂ ನೋಡಿ, ತೆಗೆಯಲೆಂದು ಕೈ ಚಾಚಿದ. "ಜೊತೆಗೆ ಬರೋರು ತಡ ಮಾಡಿದ್ರಾ ಅಮ್ಮಾ?"

"ಇಲ್ಲಪ್ಪ, ಇರಲಿ ಬಿಡು" ಎಂದಳು. "ಅವನು ಹೊತ್ತಿಗೆ ಸರಿಯಾಗೇ ಬಂದಿದ್ದ. ತಡವಾಗಿ ಬಂದವಳು ನಾನು."